ಕ್ರೋಮಣ್ಣನ ಆರು ಕೈ

ಪೀಣ್ಯ ಎರಡನೇ ಹಂತದಲ್ಲಿದ್ದ ನಮ್ಮ ಪ್ಲೇಟಿಂಗ್ ಕಾರ್ಖಾನೆಯಲ್ಲಿ ಮುನಿರಾಜಣ್ಣನಷ್ಟು ಜನರನ್ನು ನಗಿಸಿದವರು ಇನ್ನೊಬ್ಬರಿಲ್ಲ. ಕೊನೆಗೆ ಅವರಷ್ಟು ನಗೆಪಾಟಲಾದವರೂ ಇಲ್ಲ. ಆ ಎರಡನೆಯದರಲ್ಲಿ ನನ್ನ ಕೈವಾಡವಿದೆ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನನ್ನು ಒಳ್ಳೆಯವಳು ಅಂದುಕೊಂಡು ಓದುತ್ತಾ ಹೋಗಿ ಕೊನೆಗೆ ನೀವು ಬೈಯುವುದು ನನಗೆ ಬೇಡ. ಬೈಯುವುದಿದ್ದರೆ ಈಗಿನಿಂದಲೇ ಶುರುಮಾಡಿ.

ನನ್ನ ಹೆಸರು ವೇಣಿ. 2010ರಲ್ಲಿ ಬಿಎಸ್ಸಿ ಮುಗಿಸಿ, ದಿನಾ ಮಾದನಾಯಕನಹಳ್ಳಿಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬಂದು ಆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕೆ ನಿಂತೆ. ಲ್ಯಾಬ್ ಅಂದರೆ ಏನೇನೋ ಕಲ್ಪಿಸಿಕೊಳ್ಳಬೇಡಿ. ಬಾಯ್ಲರ್ ಪಕ್ಕದ ಒಂದು ಕೋಣೆ, ಎರಡು ಬ್ಯೂರೆಟ್, ಬಣ್ಣ ನೋಡಿ ಕ್ರೋಮಿಯಂ ಎಷ್ಟಿದೆ ಅಂತ ಹೇಳುವ ಒಂದು ಹಳೇ ಯಂತ್ರ, ಒಂದು ಪಿಎಚ್ ಮೀಟರ್, ಗಾಜಿನ ಗೂಡಿನಲ್ಲಿ ಕೂತ ತಕ್ಕಡಿ, ಮತ್ತು ಮುನಿರಾಜಣ್ಣ. ಡಿಗ್ರಿ ನನ್ನದು, ವಿದ್ಯೆ ಅವರದು. ಅವರು ಪಿಯುಸಿ ಸೈನ್ಸಿನಲ್ಲಿ ಫೇಲಾದವರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೇ ಈ ಶೆಡ್ಡುಗಳೆಲ್ಲ ಎದ್ದದ್ದು. ಜಮೀನು ಹೋದ ಮನೆಗೊಂದು ಕೆಲಸ ಅಂತ ಯಾವ ಕಾಲದಲ್ಲೋ ಯಾರೋ ಕೊಟ್ಟ ಮಾತು ಹಿಡಿದುಕೊಂಡು, ಹತ್ತೊಂಬತ್ತನೇ ವಯಸ್ಸಿಗೆ ಬಾಟಲಿ ತೊಳೆಯಲು ಸೇರಿದರು. ತೊಳೆಯುತ್ತಾ ತೊಳೆಯುತ್ತಾ ಹಳೇ ಕೆಮಿಸ್ಟರ ಕೈ ನೋಡಿ ಎಲ್ಲವನ್ನೂ ಕಲಿತುಬಿಟ್ಟರು. ನಾನು ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದ್ದನ್ನು ಅವರು ಕಣ್ಣಲ್ಲಿ ನೋಡಿ ಹೇಳುತ್ತಿದ್ದರು.

ನಮ್ಮ ಕೆಲಸ ಇಷ್ಟೇ. ನಲ್ಲಿ, ಹ್ಯಾಂಡಲ್, ಗಾಡಿ ಸಾಮಾನುಗಳಿಗೆಲ್ಲ ಕ್ರೋಮಿಯಂ ಹೊಳಪು ಕೊಟ್ಟಮೇಲೆ ತೊಳೆದ ನೀರು ಉಳಿಯುತ್ತದಲ್ಲ, ಅದು ಹಳದಿ ವಿಷ. ಅದಕ್ಕೆ ಔಷಧಿ ಹಾಕಿ, ವಿಷ ಇಳಿಸಿ, ಸುಣ್ಣ ಹಾಕಿ, ಆಮೇಲೆ ಹೊರಗೆ ಬಿಡಬೇಕು. ಬಿಡುವ ಮೊದಲು ಅಳೆದು ಬರೆದಿಡಬೇಕು. ಮುನಿರಾಜಣ್ಣ ಅಳೆದದ್ದನ್ನು ತೆಳು ರಫ್ ಹಾಳೆಯ ಮೇಲೆ ಬಾಲ್ ಪೆನ್ನಿನಲ್ಲಿ ಒತ್ತಿ ಬರೆಯುತ್ತಿದ್ದರು. ನಾನು ಅದನ್ನು ದಪ್ಪ ರಿಜಿಸ್ಟರಿಗೆ ಫೇರ್ ಮಾಡಬೇಕು.

ಮೊದಲ ವಾರ ನಾನು, ಪೆದ್ದಿ, ಇದ್ದದ್ದನ್ನು ಇದ್ದ ಹಾಗೇ ಇಳಿಸಿದೆ. ಮ್ಯಾನೇಜರ್ ಬಾಲಾಜಿ ಸಾರ್ ಬಂದು ನೋಡಿ, ಕೂಗಾಡದೆ, ಮೆತ್ತಗೆ ಆ ಪುಟ ಹರಿದರು.

“ರಫ್ ಅಂದ್ರೆ ರಫ್ ವೇಣಿ, ಫೇರ್ ಅಂದ್ರೆ ಫೇರ್. ಹಿಂದಿನ ಪುಟ ನೋಡಿ ಬರೀರಿ.”

ಹಿಂದಿನ ಪುಟದಲ್ಲಿ ಪಿಎಚ್ 7.2, ಕ್ರೋಮಿಯಂ 0.06. ಅದರ ಹಿಂದಿನ ಪುಟದಲ್ಲೂ ಅದೇ. ವರ್ಷಗಟ್ಟಲೆ ಅದೇ. ನಾನೂ ಅದನ್ನೇ ಬರೆದೆ. ಒಂದು ದಿನ ಊಟದ ಡಬ್ಬಿ ಹಾಗೇ ವಾಪಸ್ ಒಯ್ದೆ, ಎರಡನೇ ದಿನವೂ ಒಯ್ದೆ, ಮೂರನೇ ದಿನದಿಂದ ಊಟ ಚೆನ್ನಾಗೇ ಸೇರಿತು. ಮನುಷ್ಯರ ಹೊಟ್ಟೆಯಂಥ ಮಾನಗೆಟ್ಟದ್ದು ಬೇರೆ ಇಲ್ಲ.

ಇನ್ನು ರಫ್ ಹಾಳೆಗಳ ಗತಿ. ಒಂದೂ ಹೊರಗೆ ಹೋಗಬಾರದು ಅಂತ ಬಾಲಾಜಿ ಸಾರ್ ಪ್ರತಿ ಹಾಳೆಗೂ ಕಂಪನಿಯ ರಬ್ಬರ್ ಸ್ಟಾಂಪು ಒತ್ತಿ ನಂಬರ್ ಹಾಕಿಟ್ಟಿರುತ್ತಿದ್ದರು. ಶನಿವಾರ ಎಲ್ಲವನ್ನೂ ಎಣಿಸಿಕೊಂಡು, ಬಾಯ್ಲರ್ ಹಿಂದೆ ಖಾಲಿ ಪೇಂಟ್ ಡಬ್ಬದೊಳಗೆ ಹಾಕಿ ಸುಡುತ್ತಿದ್ದರು. ಎಷ್ಟು ಶ್ರದ್ಧೆ ಅಂತೀರಿ! ಅದರಲ್ಲಿ ಅರ್ಧ ಶ್ರದ್ಧೆ ಆ ನೀರಿನ ಮೇಲಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಸುಡದೆ ಉಳಿಯುತ್ತಿದ್ದದ್ದು ಒಂದೇ ಜಾತಿಯ ಹಾಳೆ, ಮುನಿರಾಜಣ್ಣ ಚಿತ್ರ ಬರೆದದ್ದು. ಟೈಟ್ರೇಷನ್ ಮಾಡುವಾಗ ಹನಿ ಬೀಳುವುದನ್ನು ಕಾಯಬೇಕಲ್ಲ, ಆ ಹೊತ್ತಿನಲ್ಲಿ ರಫ್ ಹಾಳೆಯನ್ನು ಮಗುಚಿ, ಹಿಂದಿನ ಖಾಲಿ ಬದಿಗೆ ಮೂರು ಪೆಟ್ಟಿಗೆ ಎಳೆದು, ಒಳಗೆ ತಮಾಷೆ ತುಂಬುತ್ತಿದ್ದರು. ಬಾಲಾಜಿ ಸಾರ್‌ಗೆ ಆ ಚಿತ್ರಗಳೆಂದರೆ ಪ್ರಾಣ. “ಇದನ್ನ ಸುಡೋಕೆ ಮನಸ್ಸು ಬರಲ್ಲ ಕಣ್ರೀ, ಇಟ್ಕೊಳ್ಳಿ,” ಅಂತ ವಾಪಸ್ ಕೊಟ್ಟು, ತಮ್ಮ ಪಟ್ಟಿಯಲ್ಲಿ ಆ ನಂಬರಿಗೆ ಗೀಟು ಹಾಕಿಕೊಳ್ಳುತ್ತಿದ್ದರು. ಚಿತ್ರದ ಬದಿ ನೋಡಿ ನಗುವುದರಲ್ಲಿ ಹಾಳೆಗೆ ಇನ್ನೊಂದು ಬದಿ ಇದೆ ಅನ್ನುವುದೇ ಮರೆತುಹೋಗುತ್ತಿತ್ತು.

ನಗು ಬರುತ್ತಿದ್ದದ್ದೂ ನಿಜ. ಒಂದರಲ್ಲಿ ಹೆಬ್ಬಗೋಡಿಯ ಪೀಜಿ. ಒಂದೇ ರೂಮಿನಲ್ಲಿ ಸೋಡಿಯಂ, ಕ್ಲೋರಿನ್, ಆಕ್ಸಿಜನ್ ಎಲ್ಲ ಕಿತ್ತಾಡಿಕೊಂಡು, ಅಪ್ಪಿಕೊಂಡು ಒದ್ದಾಡುತ್ತಿವೆ. ಮೂಲೆಯಲ್ಲಿ ಆರ್ಗಾನ್ ಒಬ್ಬನೇ ಮುಸುಕು ಹೊದ್ದು ಮಲಗಿದ್ದಾನೆ. “ಬಾ ಮಗಾ, ಟೀ ಕುಡಿಯೋಣ” ಅಂದರೆ “ನಂಗ್ಯಾರೂ ಬೇಡ” ಅನ್ನುತ್ತಾನೆ. ಕೊನೆಯ ಪೆಟ್ಟಿಗೆಯಲ್ಲಿ ಓನರ್ ಆಂಟಿ ಹೇಳುತ್ತಾಳೆ: “ನನ್ ಪೀಜೀಲಿ ಕಂಪ್ಲೇಂಟ್ ಇಲ್ದೇ ಇರೋ ಹುಡುಗ ಇವನೊಬ್ನೇ. ಬಲ್ಬ್ ಒಳಗೆ ಹಾಕಿದ್ರೂ ಸುಮ್ನೆ ಇರ್ತಾನೆ.” ಇನ್ನೊಂದರಲ್ಲಿ ಲ್ಯಾಬಿನ ತಕ್ಕಡಿ ಸೊನ್ನೆಗೆ ನಿಲ್ಲುವುದೇ ಇಲ್ಲ. ಇಡೀ ಲ್ಯಾಬ್ ಉಸಿರು ಬಿಗಿಹಿಡಿದು ನಿಂತಿದೆ. ನೋಡಿದರೆ ತಟ್ಟೆ ಮೇಲೊಂದು ಇರುವೆ. ಅದು ನಾಚಿಕೊಂಡು, “ಅಷ್ಟೊಂದು ತೋರಿಸ್ತಿದೆಯಾ ಸಾರ್? ಬೆಳಗ್ಗೆ ತಿಂಡಿ ಜಾಸ್ತಿ ಆಯ್ತು,” ಅನ್ನುತ್ತದೆ. ಮತ್ತೊಂದರಲ್ಲಿ ಪಿಎಚ್ ಮೀಟರನ್ನು ಆಸಿಡ್ಡಿಗೆ ಅದ್ದಿದರೆ 7.2, ಸುಣ್ಣದ ನೀರಿಗೆ ಅದ್ದಿದರೆ 7.2, ಮ್ಯಾನೇಜರ್ ಕಾಫಿಗೆ ಅದ್ದಿದರೂ 7.2. ಆಗ ಮ್ಯಾನೇಜರ್, “ಎಂಥ ಶಿಸ್ತು! ಇದಕ್ಕೆ ಪ್ರಮೋಷನ್ ಕೊಡಿ,” ಅನ್ನುತ್ತಾನೆ. ಇದನ್ನು ನೋಡಿ ಬಾಲಾಜಿ ಸಾರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

2012ರಲ್ಲಿ ನಾನು ಫೇಸ್‌ಬುಕ್ಕಿನಲ್ಲಿ ‘ಮೂರು ಪೆಟ್ಟಿಗೆ ವಿಜ್ಞಾನ’ ಅಂತ ಒಂದು ಪೇಜ್ ತೆರೆದೆ. ಮುನಿರಾಜಣ್ಣ ಜೆಲ್ ಪೆನ್ನಿನಲ್ಲಿ ಕಪ್ಪಗೆ ತಿದ್ದಿಕೊಡುತ್ತಿದ್ದರು, ನಾನು ಆಫೀಸಿನ ಸ್ಕ್ಯಾನರಿನಲ್ಲಿ ಸ್ಕ್ಯಾನ್ ಮಾಡಿ ಹಾಕುತ್ತಿದ್ದೆ. ಹೆಸರು ಹಾಕುವುದು ಬೇಡ ಅಂದಿದ್ದರು. ವರ್ಷ ತುಂಬುವಷ್ಟರಲ್ಲಿ ಹನ್ನೊಂದು ಸಾವಿರ ಲೈಕ್. ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿಯ ಇಂಜಿನಿಯರುಗಳು ಪ್ರಿಂಟ್ ತೆಗೆದು ಕಂಪ್ಯೂಟರ್ ಪಕ್ಕ ಅಂಟಿಸಿಕೊಂಡು ಫೋಟೋ ಕಳಿಸುತ್ತಿದ್ದರು. ನಾನು ಅವನ್ನು ತೋರಿಸಿದರೆ ಮುನಿರಾಜಣ್ಣ ಕನ್ನಡಕ ಏರಿಸಿ ನೋಡಿ, “ಎಸಿ ರೂಮಲ್ಲವ್ನೆ ನಮ್ ಆರ್ಗಾನು,” ಅಂತ ಖುಷಿಪಡುತ್ತಿದ್ದರು. ಪಿಯುಸಿ ಫೇಲಾದವರ ತಮಾಷೆಗೆ ಇಂಜಿನಿಯರುಗಳು ನಕ್ಕರಲ್ಲ, ನನಗಂತೂ ಹೆಮ್ಮೆ ನೆತ್ತಿಗೇರಿತ್ತು.

ಅವರ ಹೀರೋ ಕ್ರೋಮಣ್ಣ. ಹಳದಿ ಟವಲ್ಲು, ಗಿರಿಜಾ ಮೀಸೆ, ಆರು ಕೈ. ಬೀದಿಯಲ್ಲಿ ಸಿಕ್ಕಿದವರನ್ನೆಲ್ಲ ಆರು ಕೈಯಲ್ಲೂ ಚಚ್ಚುವ ರೌಡಿ. ತೊಟ್ಟಿಯೊಳಗೆ ಅವನಿಗಾಗಿ ಕಾದು ಕೂತವಳು ಮೆಟಾ ಅಕ್ಕ. ಮೆಟಾ ಅನ್ನುವುದು ವಿಷ ಇಳಿಸಲು ಹಾಕುವ ಬಿಳಿ ಪುಡಿಗೆ ನಮ್ಮ ಲ್ಯಾಬಿನ ಹೆಸರು. ಅಕ್ಕ ಬಾರಿಸಿದ ಏಟಿಗೆ ಮೂರು ಕೈ ಮಾಯ. ಕ್ರೋಮಣ್ಣ ಹಸಿರು ಬಣ್ಣಕ್ಕೆ ತಿರುಗಿ, ಸಾಧುವಾಗಿ ಕೈಕಟ್ಟಿಕೊಂಡು ಸುಣ್ಣದ ಕೆಳಗೆ ಹೋಗಿ ಕೂರುತ್ತಾನೆ. ಇದರಲ್ಲಿ ವಿಜ್ಞಾನ ಒಂದಿಷ್ಟೂ ತಪ್ಪಿಲ್ಲ, ಆರು ವೇಲೆನ್ಸಿಯ ಕ್ರೋಮಿಯಂ ವಿಷ, ಮೂರಕ್ಕಿಳಿದದ್ದು ಸಾಧು, ಬೇಕಾದರೆ ಯಾವ ಕೆಮಿಸ್ಟರನ್ನಾದರೂ ಕೇಳಿ.

2013ರ ಆಗಸ್ಟಿನಲ್ಲಿ ಆ ಬಿಳಿ ಪುಡಿ ಮೂರು ವಾರ ಸ್ಟೋರಿಗೆ ಬರಲಿಲ್ಲ. ನೀರು ಹಾಗೇ ಹೊರಗೆ ಹೋಯಿತು. ಮುನಿರಾಜಣ್ಣ ದಿನಾ ಅಳೆದರು, ಬರೆದರು, ಹಲ್ಲು ಕಚ್ಚಿದರು. ಒಂದು ಶುಕ್ರವಾರ ಸಿಟ್ಟಿನಲ್ಲಿ ಹಾಳೆ ಮಗುಚಿ ಪೆನ್ಸಿಲಿನಲ್ಲೇ ಗೀಚಿದರು. ಮೊದಲ ಪೆಟ್ಟಿಗೆ: ಕ್ರೋಮಣ್ಣ ಹೆದರಿಕೊಂಡು ತೊಟ್ಟಿಯೊಳಗೆ ಇಣುಕುತ್ತಾನೆ. ಎರಡನೆಯದು: ಖಾಲಿ ಕುರ್ಚಿ, ‘ಅಕ್ಕ ರಜೆ’ ಅಂತ ಬೋರ್ಡು. ಮೂರನೆಯದು: ಆರು ಕೈಯನ್ನೂ ಬೀಸುತ್ತಾ ಟಾಟಾ ಮಾಡಿಕೊಂಡು ಕ್ರೋಮಣ್ಣ ಮೋರಿಯಲ್ಲಿ ತೇಲಿ ಹೋಗುತ್ತಾನೆ. ಶನಿವಾರ ಬಾಲಾಜಿ ಸಾರ್ ಅದಕ್ಕೂ ನಕ್ಕು, ಗೀಟು ಹಾಕಿಕೊಂಡು ವಾಪಸ್ ಕೊಟ್ಟರು.

“ಇದನ್ನ ಆಕ್ಬೇಡ ವೇಣಮ್ಮ, ಸುಮ್ನೆ ಇಟ್ಕೊ,” ಅಂದರು ಮುನಿರಾಜಣ್ಣ.

ಕೇಳಬೇಕಿತ್ತು. ಕೇಳಲಿಲ್ಲ. ಅವರ ಚಿತ್ರಗಳಲ್ಲೆಲ್ಲ ಅದೇ ಚೆನ್ನಾಗಿತ್ತು, ನನಗೆ ಲೈಕಿನ ಹುಚ್ಚು ಬೇರೆ. ಪೆನ್ಸಿಲ್ ಗೀಟು ಮಸುಕಾಗಿ ಬಂತು ಅಂತ ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಏರಿಸಿದೆ. ಗೀಟು ಕಪ್ಪಾಯಿತು. ತೆಳು ಹಾಳೆಯ ಹಿಂದಿನಿಂದ ಬಾಲ್ ಪೆನ್ನಿನ ಅಕ್ಷರಗಳೂ ತಿರುವುಮುರುವಾಗಿ ಎದ್ದು ಬಂದವು. ನಾನು ಅದನ್ನು ಕಾಗದದ ಕೊಳೆ ಅಂದುಕೊಂಡೆ. ದಿನಾ ಆ ಹಾಳೆಯನ್ನು ನೋಡದೆ ಫೇರ್ ಮಾಡಿ ಅಭ್ಯಾಸವಾದ ಕಣ್ಣು, ಇನ್ನೇನು ಕಂಡೀತು?

ಎಲೆಕ್ಟ್ರಾನಿಕ್ ಸಿಟಿಯ ಹರ್ಷವರ್ಧನ್ ಅನ್ನುವ ಅಭಿಮಾನಿಗೆ ಕಂಡಿತು. ಪಾಪ, ಕೆಟ್ಟ ಮನುಷ್ಯನಲ್ಲ. ಚಿತ್ರವನ್ನು ಕನ್ನಡಿಯಲ್ಲಿ ಹಿಡಿದಂತೆ ತಿರುಗಿಸಿ, ಇನ್ನಷ್ಟು ಸ್ಪಷ್ಟ ಮಾಡಿ, “ಗುರುಗಳು ಹಿಂದೆ ಒಂದು ಸೀಕ್ರೆಟ್ ಬಚ್ಚಿಟ್ಟಿದ್ದಾರೆ, ನಾನೇ ಫಸ್ಟ್ ಕಂಡುಹಿಡಿದೆ!” ಅಂತ ಹಾಕಿದ. ತಾರೀಖು, ಪಿಎಚ್ 4.1, ಕ್ರೋಮಿಯಂ 14. ಮೂಲೆಯಲ್ಲಿ ಕಂಪನಿಯ ಸ್ಟಾಂಪು, ನಂಬರ್ ಸಮೇತ. ಎಲ್ಲಕ್ಕಿಂತ ಕೆಳಗೆ ಒಂದು ಸಾಲು: ಅಮ್ಮ, 0.4.

ಸಂಜೆಯೊಳಗೆ ನೂರಾರು ಜನ ಹಂಚಿಕೊಂಡರು. ಜನರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಕೊನೆಯ ಸಾಲು. ‘ಅಮ್ಮ 0.4 ಅಂತೆ, ಅಪ್ಪ ಎಷ್ಟು?’ ‘ನಮ್ಮಮ್ಮ ಬೈಯೋಕೆ ಶುರು ಮಾಡಿದ್ರೆ 14 ದಾಟ್ತಾರೆ ಬ್ರೋ.’ ಹಹಹ, ಹಹಹ, ಹಹಹ. ಯಾರೋ ಒಬ್ಬರು ಮಾತ್ರ ನಗದೆ ಅದನ್ನು ಸರ್ಕಾರಿ ಕಚೇರಿಯೊಂದಕ್ಕೆ ಕಳಿಸಿದರು. ವಿವರಣೆ ಕೊಡಿ ಅಂತ ಕಾರ್ಖಾನೆಗೆ ಪತ್ರ ಬಂತು. ಅಷ್ಟರಲ್ಲಿ ಕಾರ್ಖಾನೆಯ ಹಿಂದಿನ ಊರಿನವರೂ ಮೊಬೈಲು ಹಿಡಿದುಕೊಂಡು ಗೇಟಿನ ಮುಂದೆ ಬಂದು ಕೂತರು. ಅದು ಮುನಿರಾಜಣ್ಣನ ಊರೇ.

ಬಾಲಾಜಿ ಸಾರ್ ನಮ್ಮಿಬ್ಬರನ್ನೂ ಕರೆಸಿದರು. ಆಗಲೂ ಕೂಗಾಡಲಿಲ್ಲ. ಕೂಗಾಡುವವರ ಜೊತೆ ಜಗಳವಾದರೂ ಆಡಬಹುದು, ಮೆತ್ತಗೆ ಮಾತಾಡುವವರ ಮುಂದೆ ಏನು ಮಾಡುವುದು?

“ಮುನಿರಾಜು, ಇದೇನ್ರೀ ಅಮ್ಮ ಅಂತ?”

“ನಮ್ಮನೆ ಬೋರು ಸಾರ್.”

“ಬೋರಾ?”

“ಊಟದ ಬ್ಯಾಗಲ್ಲಿ ತಿಂಗ್ಳಿಗೊಂದ್ಸಲ ಒಂದ್ ಬಾಟ್ಲಿ ನೀರು ತಂದು ನೋಡ್ತಿದ್ದೆ. ಕುಡಿಯೋ ನೀರಲ್ಲಿ ಸೊನ್ನೆ ಪಾಯಿಂಟ್ ಸೊನ್ನೆ ಐದು ದಾಟ್ಬಾರ್ದು. ನಾಕ್ ವರ್ಷದಿಂದ ಏರ್ತಾನೇ ಐತೆ. ಅಮ್ಮಂಗೆ ಆ ನೀರು ಮುಟ್ಬೇಡ ಅಂದಿವ್ನಿ, ಬೇರೆ ಕಡೆಯಿಂದ ಗಾಡೀಲಿ ಎರಡ್ ಬಿಂದ್ಗೆ ತಂದಾಕ್ತೀನಿ. ನಮ್ ಬೀದಿಯೋರಿಗೂ ಯೋಳಿವ್ನಿ.”

“ಅಂದ್ರೆ ಇದನ್ನೆಲ್ಲ ಬೇಕೂಂತ್ಲೇ ಉಳಿಸ್ಕೊಂಡಿದ್ರಾ?”

ಮುನಿರಾಜಣ್ಣ ಹೇಳಿದರು: “ಚಿತ್ರ ಇದ್ರೆ ನೀವು ಸುಡ್ತಿರ್ಲಿಲ್ಲ ಸಾರ್. ಯಾವತ್ತಾದ್ರೂ ಯಾರಾದ್ರೂ ಕೇಳಿದ್ರೆ ತೋರ್ಸೋಕೆ ಇರ್ಲಿ ಅಂತ.”

ಮೂರು ವರ್ಷ ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಹೊತ್ತು ಕಳೆಯಲು ಗೀಚುತ್ತಾರೆ ಅಂದುಕೊಂಡಿದ್ದೆ. ಆ ಮನುಷ್ಯ ನಿಜವಾದ ಲೆಕ್ಕವನ್ನು ಬೆಂಕಿಯಿಂದ ಉಳಿಸಲು ಒಂದೊಂದು ಹಾಳೆಗೂ ಒಂದೊಂದು ನಗೆ ಕಟ್ಟಿದ್ದರು. ನಾನು ನಗೆಯನ್ನಷ್ಟೇ ಎತ್ತಿಕೊಂಡು ಊರಿಗೆಲ್ಲ ಹಂಚಿದ್ದೆ.

ಬಾಲಾಜಿ ಸಾರ್ ಆಗಲೇ ಟೈಪ್ ಮಾಡಿಸಿಟ್ಟಿದ್ದ ಕಾಗದವನ್ನು ಮುಂದಕ್ಕೆ ತಳ್ಳಿದರು. ‘ಸದರಿ ಚಿತ್ರವನ್ನೂ ಅದರ ಹಿಂಬದಿಯ ಅಂಕಿಗಳನ್ನೂ ನಾನೇ ಹಾಸ್ಯಕ್ಕಾಗಿ ಕಲ್ಪಿಸಿ ಬರೆದಿರುತ್ತೇನೆ. ಅವುಗಳಿಗೂ ಕಾರ್ಖಾನೆಯ ಅಥವಾ ಯಾವುದೇ ಬೋರ್‌ವೆಲ್ಲಿನ ನೀರಿಗೂ ಸಂಬಂಧವಿರುವುದಿಲ್ಲ.’ ಕೆಳಗೆ ಅವರ ಸಹಿಗೆ ಜಾಗ, ಅದರ ಪಕ್ಕ ಸಾಕ್ಷಿಯ ಸಹಿಗೆ ಜಾಗ. ಸಾಕ್ಷಿ ನಾನಂತೆ.

“ಸೈನ್ ಮಾಡಿದ್ರೆ ಎಲ್ಲ ಇಲ್ಲಿಗೇ ಮುಗೀತು. ಇಲ್ಲಾಂದ್ರೆ ಕಂಪನಿ ದಾಖಲೆ ಕದ್ದು ಹೊರಗೆ ಹಾಕಿದ್ರು ಅಂತ ಇಬ್ಬರ ಮೇಲೂ ಕೇಸು. ನಿಮ್ಮ ಒಬ್ಬರ ಮೇಲಲ್ಲ, ಇಬ್ಬರ ಮೇಲೂ. ಪೇಜ್ ವೇಣಿ ಹೆಸರಲ್ಲಿದೆ. ಹುಡುಗಿಗೆ ಕಾರ್ತೀಕದಲ್ಲಿ ಮದುವೆ ಅಲ್ವಾ?”

ಮುನಿರಾಜಣ್ಣ ನನ್ನ ಕಡೆ ನೋಡಿದರು. ‘ಸೈನ್ ಮಾಡಬೇಡಿ ಅಣ್ಣ, ಆದದ್ದಾಗಲಿ’ ಅಂತ ನಾನು ಹೇಳಬಹುದಿತ್ತು. ನಾಲಿಗೆ ತುದಿವರೆಗೆ ಬಂತು ಅಂತ ಸುಳ್ಳು ಹೇಳುವುದಿಲ್ಲ, ಬರಲೇ ಇಲ್ಲ. ಪೊಲೀಸರು ಮನೆ ಬಾಗಿಲಿಗೆ ಬಂದರೆ ಗಂಡಿನ ಕಡೆಯವರು ಏನಂದಾರು ಅನ್ನುವುದೊಂದೇ ತಲೆಯಲ್ಲಿತ್ತು. ನಾನು ನೆಲ ನೋಡಿದೆ.

ಅವರು ಸೈನ್ ಮಾಡಿದರು. ನಾನೂ ಮಾಡಿದೆ. ನನ್ನ ಸೈನು ಅವರದಕ್ಕಿಂತ ದುಂಡಗೆ ಬಂತು.

ಮಾರನೇ ದಿನ ಅವರು ಮನೆಯಲ್ಲಿದ್ದ ಚಿತ್ರಗಳನ್ನೆಲ್ಲ ರೆಕ್ಸಿನ್ ಬ್ಯಾಗಿನಲ್ಲಿ ತಂದೊಪ್ಪಿಸಿದರು. ಇನ್ನೂರಕ್ಕೂ ಮೇಲಿದ್ದವು. ಬಾಲಾಜಿ ಸಾರ್ ಪಟ್ಟಿ ಹಿಡಿದು ಒಂದೊಂದೇ ನಂಬರ್ ನೋಡಿ ಪೇಂಟ್ ಡಬ್ಬಕ್ಕೆ ಹಾಕಿದರು. ಇರುವೆಯ ಚಿತ್ರ ಬಂದಾಗ ಮಾತ್ರ ತಡೆದು, “ನಮ್ಮ ಪಾಪುಗೆ ಇದು ತುಂಬಾ ಇಷ್ಟ,” ಅಂತ ಹೋಗಿ ಜೆರಾಕ್ಸ್ ಮಾಡಿಸಿಕೊಂಡು ಬಂದು, ಮೂಲ ಪ್ರತಿಯನ್ನು ಬೆಂಕಿಗೆ ಹಾಕಿದರು. ಮುನಿರಾಜಣ್ಣ ಬಾಯ್ಲರ್ ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು.

ತಪಾಸಣೆಯವರು ಬಂದು ಕಾರ್ಖಾನೆಯ ನೀರು ಹಿಡಿದುಕೊಂಡು ಹೋದರು. ಪತ್ರ ಬಂದಮೇಲಿನ ಹದಿನೈದು ದಿನ ಮೆಟಾ ಅಕ್ಕ ಒಂದು ದಿನವೂ ರಜೆ ಹಾಕಲಿಲ್ಲ, ಹಾಗಾಗಿ ಅವರಿಗೆ ಸಿಕ್ಕಿದ್ದು ಚೊಕ್ಕ ನೀರೇ. ಅಂಕಿಗಳು ತಮಾಷೆಗೆ ಬರೆದದ್ದು ಅಂತ ಬರೆದವರೇ ಕೈಯಾರೆ ಒಪ್ಪಿಕೊಂಡ ಮೇಲೆ ಬೋರ್‌ವೆಲ್ ತನಕ ಯಾರೂ ಹೋಗಲಿಲ್ಲ. ಪೇಜಿನಲ್ಲೂ ನಾನು ಹಾಗೇ ಬರೆಯಬೇಕಾಯಿತು: ‘ಸ್ನೇಹಿತರೇ, ಆ ನಂಬರ್‌ಗಳೂ ಜೋಕೇ, ಸೀರಿಯಸ್ಸಾಗಿ ತಗೋಬೇಡಿ.’ ಇಡೀ ಪೇಜಿನಲ್ಲಿ ಅತಿ ಹೆಚ್ಚು ಲೈಕ್ ಬಿದ್ದದ್ದು ಅದಕ್ಕೇ. ಹರ್ಷವರ್ಧನ್, ‘ಗುರುಗಳು ನಮ್ಮನ್ನೆಲ್ಲ ಚೆನ್ನಾಗಿ ಯಾಮಾರಿಸಿದ್ರು, ಸೂಪರ್!’ ಅಂತ ಬರೆದ. ಗೇಟಿನ ಮುಂದೆ ಕೂತ ಊರಿನವರನ್ನು ಎಬ್ಬಿಸಲು ಬಾಲಾಜಿ ಸಾರ್ ಆ ಕಾಗದದ ಜೆರಾಕ್ಸ್ ತೆಗೆಸಿ ಮನೆಮನೆಗೆ ಹಂಚಿಸಿದರು.

ಮುನಿರಾಜಣ್ಣನ ಕೆಲಸ ಉಳಿಯಿತು. ಅವರು ಮತ್ತೆ ಪೆನ್ಸಿಲ್ ಮುಟ್ಟಲಿಲ್ಲ. ಹನಿ ಬೀಳುವಾಗ ಬ್ಯೂರೆಟ್ಟನ್ನೇ ದಿಟ್ಟಿಸುತ್ತಾ ಕೂರುತ್ತಿದ್ದರು. ಆ ನಂತರ ಅವರು ಅಳೆದದ್ದನ್ನು ರಫ್ ಹಾಳೆಯಲ್ಲೇ 7.2, 0.06 ಅಂತ ಬರೆಯತೊಡಗಿದರು. ಫೇರ್ ಮಾಡುವವಳಿಗೆ ಕೆಲಸ ಸುಲಭವಾಯಿತು.

ಅಕ್ಟೋಬರಿನಲ್ಲಿ ಮದುವೆಯ ಕರೆಯೋಲೆ ಕೊಡಲು ಅವರ ಮನೆಗೆ ಹೋದೆ. ಮೂರು ವರ್ಷದಲ್ಲಿ ಅದೇ ಮೊದಲ ಸಲ. ಅವರ ತಾಯಿ ಸೊಣ್ಣಮ್ಮ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಹೆಸರು ಕೇಳಿದ್ದೇ ಮುಖ ಅರಳಿತು.

“ಬಾ ತಾಯಿ, ಬಾ. ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ ಅಂತಿದ್ದೆ, ಕೊನೆಗೂ ಬಂದೆ.”

ಒಳಗಿನಿಂದ ಮುನಿರಾಜಣ್ಣ ಬಂದು ಬಾಗಿಲಲ್ಲಿ ನಿಂತರು. ಜಗಲಿಯ ಕೆಳಗೆ ಎರಡು ಪ್ಲಾಸ್ಟಿಕ್ ಬಿಂದಿಗೆಗಳು ಒಣಗಿಕೊಂಡು ಬೋರಲು ಬಿದ್ದಿದ್ದವು. ಅವರು ತರುತ್ತಿದ್ದ ನೀರಿನ ಬಿಂದಿಗೆ ಅವು. ಸೊಣ್ಣಮ್ಮ ಎದ್ದು ಹೋಗಿ, ಅಂಗಳದ ಬೋರಿನ ನಲ್ಲಿ ತಿರುಗಿಸಿ, ಹಿತ್ತಾಳೆ ಲೋಟದಲ್ಲಿ ನೀರು ಹಿಡಿದರು.

“ಅಮ್ಮಾ, ಆ ನೀರು ಕೊಡ್ಬೇಡ,” ಅಂದರು ಮುನಿರಾಜಣ್ಣ.

“ಸುಮ್ನಿರ್ಲಾ. ನೋಡು ತಾಯಿ, ನಾಕ್ ವರ್ಸ ನನ್ನ ಎದ್ರುಸ್ಬುಟ್ಟಿದ್ದ. ವಿಸ ಐತೆ, ವಿಸ ಐತೆ ಅಂತ. ನಾನೂ ನಂಬ್ಕೊಂಡು ಬೀದಿಯೋರಿಗೆಲ್ಲ ಯೋಳ್ಕೊಂಡ್ ಬಂದೆ. ಈಗ ತಮಾಸೆಗೆ ಬರ್ದಿದ್ದು ಅಂತ ಇವ್ನೇ ಸೈನ್ ಆಕ್ಕೊಟ್ಟವ್ನೆ, ಮನೆಮನೆಗೂ ಕಾಗ್ದ ಬಂತು. ಬೀದಿಯೋರೆಲ್ಲ ನಗ್ತಾವ್ರೆ. ಒಳ್ಳೆ ನೀರನ್ನ ಮನೇಲಿಟ್ಕೊಂಡು ಗಾಡೀಲಿ ನೀರು ಒರ್ತಿದ್ದ, ಪೆದ್ದ.”

“ಅಂಗಲ್ಲಮ್ಮ…”

“ಏನ್ ಅಂಗಲ್ಲ? ಸೈನ್ ನಿಂದಲ್ವಾ?”

ಸೊಣ್ಣಮ್ಮ ನನ್ನ ಕಡೆ ತಿರುಗಿ ಲೋಟ ನೀಡಿದರು.

“ಕುಡಿ ತಾಯಿ, ಬಿಸ್ಲಲ್ಲಿ ಬಂದಿದೀಯ. ನಿನ್ ಸೈನೂ ಐತಂತಲ್ಲ ಅದ್ರಾಗೆ.”

ಲೋಟ ಹಿಡಿದೆ. ಬಣ್ಣವಿಲ್ಲ, ವಾಸನೆಯಿಲ್ಲ, ತಣ್ಣಗಿತ್ತು. ‘ಅಜ್ಜಿ, ಆ ಕಾಗದ ಸುಳ್ಳು’ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮದುವೆಗೆ ಇನ್ನು ಮೂರೇ ವಾರ ಇತ್ತು. ಮುನಿರಾಜಣ್ಣ ನನ್ನ ಬಾಯನ್ನೇ ನೋಡುತ್ತಿದ್ದರು.

“ಬೇಡ ಅಜ್ಜಿ,” ಅಂದೆ, “ಈಗಷ್ಟೇ ಕುಡ್ಕೊಂಡು ಬಂದೆ.”

“ಅಯ್ಯೋ, ಹಿಡಿದಿದ್ದನ್ನ ಚೆಲ್ಲಕ್ಕಾಯ್ತದಾ,” ಅಂತ ಸೊಣ್ಣಮ್ಮ ನನ್ನ ಕೈಯಿಂದ ಲೋಟ ತೆಗೆದುಕೊಂಡು ತಾವೇ ಗಟಗಟ ಕುಡಿದರು.